ಬ್ರಿಟನ್ನಿನ ವಿಮಾನ ನಿಲ್ದಾಣದಲ್ಲಿ ಮೌನ ಬಂಗಾರವಲ್ಲ

ಬ್ರಿಟನ್ನಿಗೆ ಹೊಸದಾಗಿ ಬರುವ ನಮ್ಮವರಿಗೆ ವೀಸಾ ನಿಯಮಗಳೆಲ್ಲ ಬಾಯಿಪಾಠ. ಆದರೆ 2000ದ ಭಯೋತ್ಪಾದನಾ ಕಾಯ್ದೆಯ ಏಳನೇ ಅನುಸೂಚಿಯ ಮಾತೆತ್ತಿದರೆ 'ಅದು ನಮಗೇಕೆ?' ಎನ್ನುತ್ತಾರೆ. ಭಯೋತ್ಪಾದನೆಗೂ ನಿಮಗೂ ನಂಟಿದೆಯೇ ಎಂದು ತಿಳಿಯಲು ವಿಮಾನ ನಿಲ್ದಾಣ, ಬಂದರುಗಳಲ್ಲಿ ಯಾರನ್ನು ಬೇಕಾದರೂ ತಡೆದು ಪ್ರಶ್ನಿಸುವ ಅಧಿಕಾರವನ್ನು ಅದು ಅಧಿಕಾರಿಗಳಿಗೆ ಕೊಡುತ್ತದೆ. ತಡೆಯಲು ಅನುಮಾನದ ಎಳೆಯೂ ಬೇಕಿಲ್ಲ. ದೇಶದೊಳಗೆ ಬರುವಾಗ ಮಾತ್ರವಲ್ಲ, ಹೊರಡುವಾಗಲೂ ತಡೆಯಬಹುದು.

ನಮ್ಮವರು ಎಡವುವುದು ಒಂದೇ ಕಡೆ: 'ಉತ್ತರಿಸದಿರುವುದು ನನ್ನ ಹಕ್ಕು' ಎಂದುಕೊಳ್ಳುತ್ತಾರೆ. ಇಲ್ಲಿ ಆ ಹಕ್ಕಿಲ್ಲ. ಬೇಕೆಂದೇ ಉತ್ತರಿಸದಿದ್ದರೆ ಅದೇ ಒಂದು ಅಪರಾಧ. ಮೂರು ತಿಂಗಳವರೆಗೆ ಸೆರೆ ಅಥವಾ ದಂಡ ಬೀಳಬಹುದು. ಮೊಬೈಲ್, ಲ್ಯಾಪ್‌ಟಾಪ್‌ಗಳ ಪಾಸ್‌ವರ್ಡ್‌ಗೂ ಇದೇ ನಿಯಮ. ಭಯೋತ್ಪಾದನಾ ವಿರೋಧಿ ಕ್ರಮಗಳಿಗೆ ಸಿಕ್ಕಿಬಿದ್ದವರ ಪರ ದನಿಯೆತ್ತುವ ಕೇಜ್ ಸಂಸ್ಥೆಯ ಮುಹಮ್ಮದ್ ರಬ್ಬಾನಿ ಪಾಸ್‌ವರ್ಡ್ ಕೊಡಲೊಪ್ಪದೆ 2017ರಲ್ಲಿ ತಪ್ಪಿತಸ್ಥರೆನಿಸಿಕೊಂಡರು. ಅವರ ಮೇಲೆ ಬೇರೆ ಯಾವ ಆರೋಪವೂ ಇರಲಿಲ್ಲ.

ನನಗೆ ಗೊತ್ತಿರುವ ಹುಡುಗನೊಬ್ಬ 'ಇದು ಕಂಪನಿಯ ಲ್ಯಾಪ್‌ಟಾಪ್, ಅವರನ್ನು ಕೇಳದೆ ತೆರೆಯಲಾರೆ' ಎಂದು ಪಟ್ಟು ಹಿಡಿದ. ಕೊನೆಗೆ ತೆರೆದ, ಆದರೆ ಅಷ್ಟರಲ್ಲಿ ವಿಮಾನ ಹೋಗಿತ್ತು. ಹೊಸ ಟಿಕೆಟ್ ಅವನ ಕೈಯಿಂದಲೇ. ಸಾಧನಗಳನ್ನು ಪರಿಶೀಲನೆಗೆಂದು ಏಳು ದಿನದವರೆಗೆ ಇಟ್ಟುಕೊಳ್ಳಬಹುದು, ಅವನ ಲ್ಯಾಪ್‌ಟಾಪ್, ಮೊಬೈಲ್ ಎರಡನ್ನೂ ಇಟ್ಟುಕೊಂಡರು. ಬ್ಯಾಂಕಿನ ಒಟಿಪಿ ಬರುತ್ತಿದ್ದುದು ಅದೇ ಮೊಬೈಲಿಗೆ, ಇಳಿದುಕೊಳ್ಳಬೇಕಿದ್ದ ಮನೆಯ ವಿಳಾಸ ಇದ್ದದ್ದೂ ಅದರಲ್ಲೇ. 'ಮನೆಯಲ್ಲಿ ಯಾರಿಗೆ ತಿಳಿಸಬೇಕು?' ಎಂದಾಗ ಹೆಂಡತಿಯ ನಂಬರ್ ನೆನಪಿಗೆ ಬರಲಿಲ್ಲ.

ಗಡಿಯಾರದ ಮೇಲೆ ಕಣ್ಣಿಡಿ. ಒಂದು ಗಂಟೆ ಮೀರಿ ವಿಚಾರಿಸಬೇಕಾದರೆ ನಿಮ್ಮನ್ನು ವಿಧಿವತ್ತಾಗಿ ವಶಕ್ಕೆ ತೆಗೆದುಕೊಳ್ಳಲೇಬೇಕು. ಒಟ್ಟು ಮಿತಿ ಆರು ಗಂಟೆ. ವಶಕ್ಕೆ ತೆಗೆದುಕೊಂಡರೆಂದು ಗಾಬರಿಪಡಬೇಡಿ, ವಕೀಲರನ್ನು ಕೇಳುವ ಹಕ್ಕು ಸಿಗುವುದೇ ಆಗ. ಕೇಳಿ. ಕೇಳಿದರೆ ಸಾಮಾನ್ಯವಾಗಿ ವಕೀಲರೊಡನೆ ಮಾತನಾಡುವವರೆಗೆ ಪ್ರಶ್ನೆಗಳು ನಿಲ್ಲಬೇಕು. 'ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?' ಎಂಬ ಜಂಬದಿಂದ ವಕೀಲರನ್ನು ಬೇಡವೆನ್ನುವವರೇ ಹೆಚ್ಚು.

ಸೆರೆಯ ಅವಧಿಯ ಲೆಕ್ಕದಲ್ಲಿ ಬ್ರಿಟನ್ ನಮ್ಮ ದೇಶಕ್ಕಿಂತ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ನಮ್ಮಲ್ಲಿನ ಭಯೋತ್ಪಾದನೆ ತಡೆ ಕಾಯ್ದೆಯಾದ ಯುಎಪಿಎ ಅಡಿ ನ್ಯಾಯಾಲಯ ಒಪ್ಪಿದರೆ ಆರೋಪಪಟ್ಟಿ ಇಲ್ಲದೆ 180 ದಿನ ಒಳಗಿರಬೇಕಾಗಬಹುದು. ಬ್ರಿಟನ್ನಿನಲ್ಲಿ ಭಯೋತ್ಪಾದನೆಯ ಅನುಮಾನದ ಮೇಲೆ ಬಂಧಿಸಿದವರನ್ನೂ ಆರೋಪ ಹೊರಿಸದೆ ಇಡಬಹುದಾದದ್ದು ಗರಿಷ್ಠ 14 ದಿನ. ಅದನ್ನು 90ಕ್ಕೇರಿಸಲು ಹೊರಟ ಟೋನಿ ಬ್ಲೇರ್ ಸರ್ಕಾರ 2005ರಲ್ಲಿ ಸ್ವಂತ ಸಂಸತ್ತಿನಲ್ಲೇ ಸೋತಿತು. ಆದರೆ ಏಳನೇ ಅನುಸೂಚಿಯ ತರ್ಕ ನನಗೆ ಇಂದಿಗೂ ಒಗ್ಗಿಲ್ಲ: ಅನುಮಾನದ ಮೇಲೆ ಬಂಧಿತನಾದವನು ಬಾಯಿ ಮುಚ್ಚಿಕೊಂಡಿರಬಹುದು, ಅನುಮಾನವೇ ಇಲ್ಲದ ಪ್ರಯಾಣಿಕ ಬಾಯಿ ಬಿಡಲೇಬೇಕು! ಬಲವಂತದ ಉತ್ತರಗಳನ್ನು ಕ್ರಿಮಿನಲ್ ವಿಚಾರಣೆಯಲ್ಲಿ ಸಾಮಾನ್ಯವಾಗಿ ನಿಮ್ಮ ವಿರುದ್ಧ ಬಳಸುವಂತಿಲ್ಲ ಎಂಬುದು ಸರ್ಕಾರದ ಸಮಾಧಾನ. ಮೊಬೈಲಿನಲ್ಲಿರುವುದರ ಪ್ರತಿ ಅವರ ಬಳಿ ಉಳಿಯಬಹುದಲ್ಲ, ಅದಕ್ಕೇನು ಸಮಾಧಾನ?

ತಡೆದವರೊಡನೆ ಕಾನೂನಿನ ಚರ್ಚೆಗಿಳಿಯಬೇಡಿ. 'ಯಾವ ಕಾಯ್ದೆಯಡಿ ತಡೆದಿದ್ದೀರಿ?' ಎಂದಷ್ಟೇ ಕೇಳಿ, ಅವರು ಕೊಡುವ ನೋಟಿಸನ್ನು ಜೋಪಾನವಾಗಿಡಿ. ಸಾಧನದಲ್ಲಿ ವಕೀಲರೊಡನೆ ನಡೆಸಿದ ಪತ್ರವ್ಯವಹಾರವೋ ಪತ್ರಿಕಾವೃತ್ತಿಯ ಕಡತಗಳೋ ಇದ್ದರೆ ಮೊದಲೇ ಹೇಳಿಬಿಡಿ, ಅವುಗಳಿಗೆ ಬೇರೆ ರಕ್ಷಣೆಯಿದೆ. ಎರಡು ಫೋನ್ ನಂಬರ್‌ಗಳನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಕಚೇರಿಯ ಲ್ಯಾಪ್‌ಟಾಪ್ ಒಯ್ಯುವವರು, ಗಡಿಯಲ್ಲಿ ಪಾಸ್‌ವರ್ಡ್ ಕೇಳಿದರೆ ಏನು ಮಾಡಬೇಕೆಂದು ಹೊರಡುವ ಮೊದಲೇ ಕಂಪನಿಯಿಂದ ಲಿಖಿತವಾಗಿ ತರಿಸಿಕೊಳ್ಳಿ.