ಪಿಸಿ ನೀವೇ ಜೋಡಿಸ್ತೀರಾ? ಯಾವ ಪ್ರಶ್ನೆಗೆ ಯಾರ ಮಾತು ಕೇಳ್ಬೇಕು ಅಂತ ಮೊದಲು ನೋಡಿ

ಪಿಯುಸಿ ರಿಸಲ್ಟ್ ಬಂದು ಇಂಜಿನಿಯರಿಂಗ್ ಸೀಟು ಯಾವ ಕಾಲೇಜಲ್ಲಿ ಅಂತ ಗೊತ್ತಾಗುವ ಹೊತ್ತಿಗೆ ಮಂಗಳೂರು ಉಡುಪಿ ಕಡೆ ಮನೆಮನೆಯಲ್ಲಿ ಒಂದೇ ಚರ್ಚೆ, ಲ್ಯಾಪ್‌ಟಾಪಾ ಡೆಸ್ಕ್‌ಟಾಪಾ ಅಂತ. ಡೆಸ್ಕ್‌ಟಾಪೇ ಆಗ್ಲಿ, ಅದನ್ನೂ ನಾನೇ ಜೋಡಿಸ್ತೇನೆ ಅಂತ ಹೊರಡುವ ಮಕ್ಕಳು ಈಗ ಸುಮಾರು ಜನ ಇದ್ದಾರೆ, ನಂಗೆ ಅದು ಭಾರೀ ಖುಷಿಯ ವಿಷಯ. ಜೋಡಿಸುವ ಕೆಲಸ ಅಂಥ ಕಷ್ಟದ್ದಲ್ಲ, ಒಂದು ಸ್ಟಾರ್ ಸ್ಕ್ರೂಡ್ರೈವರ್ ಮತ್ತೆ ಒಂದು ಮಧ್ಯಾಹ್ನ ಇದ್ರೆ ಆಗ್ತದೆ. ಕಷ್ಟ ಇರುದು ಅದಕ್ಕಿಂತ ಮೊದಲು, ಎಂತ ತಗೊಳ್ಬೇಕು ಅಂತ ನೆಟ್ಟಲ್ಲಿ ಹುಡುಕ್ಲಿಕ್ಕೆ ಕೂತಾಗ. ಪ್ರೊಸೆಸರ್ (ಕಂಪ್ಯೂಟರಿನ ಮೆದುಳು) ವಿಷಯಕ್ಕೆ ಒಬ್ಬ ಇಂಟೆಲ್ ಕಂಪೆನಿದು ಅಂತಾನೆ, ಇನ್ನೊಬ್ಬ ಎಎಂಡಿ ಬಿಟ್ಟು ಬೇರೆ ಮುಟ್ಟಲೇಬೇಡ ಅಂತಾನೆ, ಇನ್ನೊಬ್ಬನ ವಿಡಿಯೋ ಎರಡು ವರ್ಷ ಹಳೇದು, ಕೊನೆಗೆ ತಲೆ ಕೆಟ್ಟು ಹಂಪನಕಟ್ಟೆಯ ಅಂಗಡಿಯವ್ರು ಬರೆದುಕೊಟ್ಟ ಕೊಟೇಶನ್ನಿಗೇ ಹೂಂ ಅಂದು ಬರುದು.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದುಂಟು. ಎಲ್ಲ ಪ್ರಶ್ನೆ ಒಬ್ಬನತ್ರವೇ ಕೇಳ್ಬೇಡಿ. ಇದು ಅದಕ್ಕೆ ಹೊಂದ್ತದಾ ಅನ್ನುದನ್ನು ಕಂಪೆನಿಯ ಕಾಗದದಲ್ಲಿ ನೋಡ್ಬೇಕು, ಸ್ಪೀಡು ಎಷ್ಟು ಅನ್ನುದನ್ನು ಅಳೆದು ತೋರಿಸುವವರತ್ರ, ರೇಟು ವಾರಂಟಿ ನಮ್ಮ ದೇಶದವರತ್ರ, ಸೆಕೆ ಸಿಡಿಲಿನ ವಿಷಯ ನಮ್ಮ ಊರಿನವರತ್ರ.

ಹುಡುಕುವ ಮೊದಲು ಬರೆದಿಡಿ

ಒಂದು ಹಾಳೆಯಲ್ಲಿ ಕೆಲಸ ಎಂತದ್ದು ಅಂತ ಬರೀರಿ, ಕೋಡಿಂಗಾ, ಆಟೋಕ್ಯಾಡಾ, ವಿಡಿಯೋ ಎಡಿಟಿಂಗಾ, ಗೇಮಾ, ಗೇಮ್ ಆದ್ರೆ ಯಾವುದು. ಮತ್ತೆ ಒಟ್ಟು ದುಡ್ಡು, ಅದರೊಳಗೆ ಮಾನಿಟರ್, ಕೀಬೋರ್ಡ್, ಯುಪಿಎಸ್ ಸೇರಿದೆಯಾ ಇಲ್ವಾ. ಈ ಹಾಳೆ ಇಲ್ಲದೆ ವಿಡಿಯೋ ನೋಡ್ಲಿಕ್ಕೆ ಕೂತ್ರೆ ಅವ್ರು ಹೇಳಿದ್ದೆಲ್ಲ ಬೇಕು ಅಂತ ಅನ್ನಿಸ್ತದೆ.

ತಾರೀಖು ನೋಡದೆ ಓದ್ಬೇಡಿ

ಯಾವ ಸಲಹೆ ಆದ್ರೂ ಮೊದಲು ಅದು ಯಾವತ್ತಿಂದು ಅಂತ ನೋಡಿ. ಎಎಂಡಿಯ ಎಎಂ4 ಸಾಕೆಟ್, ಅಂದ್ರೆ ಎಲ್ಲ ಪಾರ್ಟ್ಸ್ ಸೇರುವ ಮದರ್‌ಬೋರ್ಡಲ್ಲಿ ಪ್ರೊಸೆಸರ್ ಕೂರುವ ಜಾಗ, 2016ರಲ್ಲಿ ಬಂದದ್ದು, ಎಎಂ5 ಬಂದದ್ದು 2022ರಲ್ಲಿ, ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗ್ತದೆ, ಹಳೇ ಡಿಡಿಆರ್4 ರ‍್ಯಾಮ್ ಆ ಸ್ಲಾಟಿಗೆ ಕೂರುದೇ ಇಲ್ಲ. 2021ರಲ್ಲಿ ಯಾರೋ ಬರೆದ ಪಟ್ಟಿಯಿಂದ ರ‍್ಯಾಮು, ಮೊನ್ನೆಯ ವಿಡಿಯೋದಿಂದ ಬೋರ್ಡು ಅಂತ ಆರಿಸಿದ್ರೆ ಎರಡೂ ಒಳ್ಳೇದೇ ಆಗಿದ್ರೂ ಒಂದಕ್ಕೊಂದು ಸೇರುದಿಲ್ಲ. ರೇಟಿನ ಕತೆ ಇನ್ನೂ ಬೇಗ ಹಳಸ್ತದೆ, 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮಿನ ರೇಟು ಸಿಕ್ಕಾಪಟ್ಟೆ ಏರಿತು, ಅದಕ್ಕಿಂತ ಮೊದಲಿನ ಬಜೆಟ್ ಪಟ್ಟಿ ಹಿಡ್ಕೊಂಡು ಹೋದ್ರೆ ಅಂಗಡಿಯವ್ರು ಮೋಸ ಮಾಡ್ತಿದ್ದಾರೆ ಅಂತ ನಿಮಗೆ ಅನ್ನಿಸ್ಬಹುದು, ಪಾಪ ಅವ್ರದ್ದು ಎಂತ ತಪ್ಪೂ ಇರುದಿಲ್ಲ. ಇನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವವ್ರು ಗಮನಿಸಿ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ, ಇಂಟೆಲ್ 8ನೇ ಜನರೇಷನ್‌ಗಿಂತ ಹಳೇ ಪ್ರೊಸೆಸರಿಗೆ ವಿಂಡೋಸ್ 11 ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಇಲ್ಲ.

ಹೊಂದ್ತದಾ ಅಂತ ನೋಡುದು ಹೇಗೆ

ಇಲ್ಲಿ ಸ್ವಲ್ಪ ಸಮಯ ಕೊಡಿ, ದುಡ್ಡು ಜಾಸ್ತಿ ಹಾಳಾಗುದು ಇಲ್ಲಿಯೇ.

ಮೊದಲು ಪಿಸಿಪಾರ್ಟ್‌ಪಿಕರ್ ಅನ್ನುವ ಸೈಟಿಗೆ ಹೋಗಿ ದೇಶ ಇಂಡಿಯಾ ಅಂತ ಹಾಕಿ, ನಿಮ್ಮ ಪಾರ್ಟ್ಸ್ ಒಂದೊಂದೇ ಸೇರಿಸ್ತಾ ಹೋಗಿ. ಸಾಕೆಟ್ ತಪ್ಪಿದ್ರೆ, ರ‍್ಯಾಮ್ ತಪ್ಪಿದ್ರೆ, ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್ಟಿಗಿಂತ ಉದ್ದ ಆದ್ರೆ ಅದೇ ಹೇಳ್ತದೆ, ಒಟ್ಟು ಎಷ್ಟು ವ್ಯಾಟ್ ಎಳೀಬಹುದು ಅಂತಾನೂ ತೋರಿಸ್ತದೆ. ಆದ್ರೆ ಕೂಲರ್ ಅಡ್ಡ ಬಂದು ರ‍್ಯಾಮ್ ಕೂರದೆ ಹೋಗುದು, ಅಂಥದ್ದೆಲ್ಲ ಅದಕ್ಕೆ ಗೊತ್ತಾಗುದಿಲ್ಲ, ಹಾಗಂತ ಅವರೇ ಕೆಳಗೆ ಬರೆದಿರ್ತಾರೆ.

ಆಮೇಲೆ ಮದರ್‌ಬೋರ್ಡ್ ಕಂಪೆನಿಯ ಸೈಟು. ನಿಮ್ಮ ಬೋರ್ಡಿನ ಪೇಜಲ್ಲಿ ಸಪೋರ್ಟ್ ಅಂತ ಇರ್ತದೆ, ಅದರೊಳಗೆ ಸಿಪಿಯು ಸಪೋರ್ಟ್ ಲಿಸ್ಟ್. ಬಿ650 ಅನ್ನುವ ಎಎಂ5 ಬೋರ್ಡಿಗೆ ಎಎಂಡಿಯ ರೈಜನ್ 5 9600ಎಕ್ಸ್ ಪ್ರೊಸೆಸರ್ ಹಾಕ್ತೀರಿ ಅಂತ ಇಟ್ಕೊಳ್ಳಿ. ಆ ಪಟ್ಟಿಯಲ್ಲಿ ಪ್ರೊಸೆಸರಿನ ಸಾಲು ಹುಡುಕಿ ಅಡ್ಡಕ್ಕೆ ನೋಡ್ತಾ ಹೋದ್ರೆ ಒಂದು ಕಡೆ ಬಯೋಸ್ (ಪಿಸಿ ಆನ್ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ವರ್ಷನ್ ಬರೆದಿರ್ತದೆ, ಅಂದ್ರೆ ಆ ವರ್ಷನ್ ಅಥವಾ ಅದಕ್ಕಿಂತ ಹೊಸದು ಇದ್ರೆ ಮಾತ್ರ ಈ ಪ್ರೊಸೆಸರ್ ಕೆಲಸ ಮಾಡ್ತದೆ. ಬಿ650 ಬೋರ್ಡ್ 2022ರಲ್ಲೇ ಬಂದದ್ದು, 9600ಎಕ್ಸ್ ಬಂದದ್ದು 2024ರಲ್ಲಿ. ಅಂಗಡಿಯಲ್ಲಿ ಹಳೇ ಸ್ಟಾಕ್ ಇದ್ರೆ ಸಾಕೆಟ್ ಸರಿ ಇದ್ರೂ ಸ್ಕ್ರೀನಲ್ಲಿ ಎಂತದ್ದೂ ಬರುದಿಲ್ಲ, ಬೋರ್ಡೇ ಹಾಳು ಅಂತ ಅಂದ್ಕೊಂಡು ವಾಪಸ್ ಕೊಡ್ಲಿಕ್ಕೆ ಓಡುವವ್ರು ಇದ್ದಾರೆ. ಹಾಗಾಗಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತಗೊಂಡ್ರೆ ಒಳ್ಳೇದು, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್ ಹಾಕಿ ಅಪ್‌ಡೇಟ್ ಮಾಡ್ಬಹುದು, ಬಟನ್ನಿನ ಹೆಸರು ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ಬೇರೆ ಇರ್ತದೆ. ಅದೇ ಪೇಜಲ್ಲಿ ಮ್ಯಾನುವಲ್ ಪಿಡಿಎಫ್ ಉಂಟು, ತಗೊಳ್ಳುವ ಮೊದಲೇ ಇಳಿಸ್ಕೊಂಡು ಓದಿ. ಎರಡು ರ‍್ಯಾಮ್ ಯಾವ ಸ್ಲಾಟಿಗೆ, ಯಾವ ಎಂ.2 ಸ್ಲಾಟಲ್ಲಿ ಎಸ್‌ಎಸ್‌ಡಿ ಹಾಕಿದ್ರೆ ಯಾವ ಸಾಟಾ ಪೋರ್ಟ್ (ಹಾರ್ಡ್‌ಡಿಸ್ಕಿನ ಕೇಬಲ್ ಚುಚ್ಚುವ ಜಾಗ) ಬಂದ್ ಆಗ್ತದೆ, ಎಲ್ಲ ಅದರಲ್ಲಿ ಉಂಟು. ಯಾವ ಯೂಟ್ಯೂಬರೂ ಇದಕ್ಕಿಂತ ದೊಡ್ಡ ಗುರು ಅಲ್ಲ.

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ರೈಜನ್ 5 5600ದಲ್ಲೂ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಸ್ಕ್ರೀನಲ್ಲಿ ಎಂತದ್ದೂ ಬರುದಿಲ್ಲ. ಕಾರ್ಡ್ ಮುಂದಿನ ವರ್ಷ ತಗೊಳ್ತೇನೆ ಅಂತ ಲೆಕ್ಕ ಹಾಕಿದವ್ರು ಇದನ್ನು ಪ್ರೊಸೆಸರ್ ಕಂಪೆನಿಯ ಪೇಜಲ್ಲೇ ನೋಡಿ ಖಾತ್ರಿ ಮಾಡ್ಕೊಳ್ಳಿ.

ಎಐ ಚಾಟ್‌ಬಾಟ್ ಹತ್ರ ಪಟ್ಟಿ ಮಾಡಿಸುವವ್ರು ಈಗ ತುಂಬ. ಶುರು ಮಾಡ್ಲಿಕ್ಕೆ ಅಡ್ಡಿಯಿಲ್ಲ, ಆದ್ರೆ ಹೊಂದದೇ ಇರುವ ಪಾರ್ಟ್ಸನ್ನೂ ಅದು ಅಷ್ಟೇ ಧೈರ್ಯದಲ್ಲಿ ಹೇಳ್ತದೆ, ಹಾಗಾಗಿ ಅದು ಕೊಟ್ಟ ಪಟ್ಟಿಯನ್ನೂ ಪಿಸಿಪಾರ್ಟ್‌ಪಿಕರ್ ಮತ್ತೆ ಬೋರ್ಡ್ ಕಂಪೆನಿಯ ಸೈಟು, ಈ ಎರಡು ಜಾಗದಲ್ಲಿ ದಾಟಿಸ್ಲೇಬೇಕು.

ಸ್ಪೀಡಿನ ಮಾತು ಯಾರದ್ದು ನಂಬುದು

ಯೂಟ್ಯೂಬಲ್ಲಿ ಎರಡು ಕಾರ್ಡಿನ ಗೇಮ್ ಅಕ್ಕಪಕ್ಕ ಓಡಿಸಿ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ನಂಬರ್ ತೋರಿಸುವ ಚಾನೆಲ್ ಸಾವಿರ ಉಂಟು. ಅದರಲ್ಲಿ ಸುಮಾರು ಕಡೆ ಕಾರ್ಡನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ತೋರಿಸಿರುದಿಲ್ಲ, ಟೆಸ್ಟ್ ಮಾಡಿದ ಮಿಷಿನ್ ಕಾಣುದಿಲ್ಲ, ಮಾತಾಡುವ ಮನುಷ್ಯನೂ ಇಲ್ಲ, ಇನ್ನೂ ಮಾರ್ಕೆಟ್ಟಿಗೆ ಬಾರದ ಕಾರ್ಡಿಗೂ ನಂಬರ್ ಇರ್ತದೆ! ಅಂಥದ್ದನ್ನು ಅಲ್ಲಿಗೇ ಬಿಡಿ. ಯಾವ ರ‍್ಯಾಮು, ಯಾವ ಡ್ರೈವರ್ ವರ್ಷನ್ನು, ಗೇಮಿನ ಯಾವ ಸೆಟ್ಟಿಂಗು ಅಂತ ಹೇಳುವವ್ರನ್ನು ಹುಡುಕಿ. ಅಮೆರಿಕದ ಗೇಮರ್ಸ್ ನೆಕ್ಸಸ್, ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್, ಓದುವವ್ರಿಗೆ ಟೆಕ್‌ಪವರ್‌ಅಪ್, ಇವ್ರದ್ದು ಆ ಕ್ರಮ. 2020ರ ಡಿಸೆಂಬರಲ್ಲಿ ಹಾರ್ಡ್‌ವೇರ್ ಅನ್‌ಬಾಕ್ಸ್ಡ್‌ನವ್ರ ವಿಮರ್ಶೆಯ ಧಾಟಿ ಹಿಡಿಸದೆ ಗ್ರಾಫಿಕ್ಸ್ ಕಾರ್ಡ್ ಕಂಪೆನಿ ಎನ್ವಿಡಿಯಾ ಅವ್ರಿಗೆ ಕಾರ್ಡ್ ಕಳಿಸುದಿಲ್ಲ ಅಂತ ಹೇಳಿ, ಎಲ್ಲರೂ ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಕಂಪೆನಿಗೆ ಬೇಜಾರಾದ್ರೂ ಇದ್ದದ್ದು ಹೇಳುವವ್ರು ಅಂತ ನಂಗೆ ಅವ್ರ ಮೇಲೆ ಗೌರವ ಬಂದದ್ದು ಹಾಗೆ.

ದೊಡ್ಡ ಹೆಸರು ಅಂತ ಮಾತ್ರಕ್ಕೆ ನಂಬುದೂ ಬೇಡ. 2018ರಲ್ಲಿ ದಿ ವರ್ಜ್ ಅನ್ನುವ ಅಮೆರಿಕದ ಟೆಕ್ ಸುದ್ದಿ ಸೈಟಿನವ್ರು ಪಿಸಿ ಜೋಡಿಸುವ ವಿಡಿಯೋ ಹಾಕಿ, ಅದರಲ್ಲಿ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಿಸುವ ಪೇಸ್ಟು) ಬೇಕಾಬಿಟ್ಟಿ ಮೆತ್ತಿದ್ದು ಮತ್ತೆ ಇನ್ನೂ ಏನೇನೋ ತಪ್ಪು ನೋಡಿ ಜನ ಹಿಡ್ಕೊಂಡ ಮೇಲೆ ತೆಗೆದು ಹಾಕಿದ್ರು. ಹೊಸಬರು ಜೋಡಿಸುವ ವಿಡಿಯೋ ಒಂದೇ ನೋಡಿ ಕೂರ್ಬಾರದು, ಬೇರೆ ಬೇರೆಯವರದ್ದು ಎರಡು ಮೂರು ನೋಡಿ, ಎಲ್ಲರೂ ಒಂದೇ ತರ ಮಾಡುವ ಕೆಲಸ ಸರಿ, ಒಬ್ಬ ಮಾತ್ರ ಬೇರೆ ಮಾಡಿದ್ರೆ ಮ್ಯಾನುವಲ್ ತೆಗೀರಿ.

ರಿವ್ಯೂ ನೋಡಿ ಆರಿಸಿದ ಮೇಲೆ ಅಂಗಡಿಯಲ್ಲಿ ಹೆಸರು ಪೂರ್ತಿ ಓದಿ. ಆರ್‌ಟಿಎಕ್ಸ್ 3050 ಅಂತ ಗ್ರಾಫಿಕ್ಸ್ ಕಾರ್ಡ್ ಎರಡುಂಟು, 8 ಜಿಬಿಯದ್ದು 2560 ಕೋರಿಂದು (ಕೋರ್ ಅಂದ್ರೆ ಲೆಕ್ಕ ಮಾಡುವ ಸಣ್ಣ ಘಟಕ), 6 ಜಿಬಿಯದ್ದು 2304 ಕೋರಿಂದು, ಮೆಮೊರಿ ಒಂದೇ ಅಲ್ಲ ಕಾರ್ಡೇ ಸಣ್ಣದು. ರೈಜನ್ 5 5600 ಮತ್ತೆ 5500 ಕೇಳ್ಲಿಕ್ಕೆ ಅಣ್ಣತಮ್ಮನ ಹಾಗೆ, ಆದ್ರೆ 5600ಕ್ಕೆ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ), 5500ಕ್ಕೆ ಅದರ ಅರ್ಧ. ಆರ್‌ಎಕ್ಸ್ 580 ಅಂತ ಕಮ್ಮಿ ರೇಟಿಗೆ ಆನ್‌ಲೈನಲ್ಲಿ ಕಂಡ್ರೆ ಪಕ್ಕದಲ್ಲಿ 2048ಎಸ್‌ಪಿ ಅಂತ ಸಣ್ಣಕ್ಕೆ ಬರೆದಿದೆಯಾ ನೋಡಿ, ಇದ್ರೆ ಅದು ಒಳಗೆ ಆರ್‌ಎಕ್ಸ್ 570.

ಎಸ್‌ಎಂಪಿಎಸ್ ವಿಷಯದಲ್ಲಿ ಹಟ ಮಾಡಿ

ಕೊಟೇಶನ್ನಲ್ಲಿ ದುಡ್ಡು ಉಳಿಸ್ಲಿಕ್ಕೆ ಎಲ್ಲರೂ ಕೈ ಹಾಕುದು ಪಿಸಿಯೊಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ಗೆ, ದಯವಿಟ್ಟು ಬೇಡ ಮಾರಾಯ್ರೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಇರುದು ಕರೆಂಟ್ ಎಷ್ಟು ವ್ಯರ್ಥ ಆಗುದಿಲ್ಲ ಅನ್ನುದರ ಲೆಕ್ಕ, ಒಳಗಿನ ರಕ್ಷಣೆ ಸರಿ ಇದೆಯಾ ಅಂತ ಅದು ಹೇಳುದಿಲ್ಲ. ಗಿಗಾಬೈಟಿನ ಪಿ750ಜಿಎಂ ಗೋಲ್ಡ್ ರೇಟಿಂಗ್ ಇದ್ದದ್ದೇ, 2021ರಲ್ಲಿ ಗೇಮರ್ಸ್ ನೆಕ್ಸಸ್ ಟೆಸ್ಟಲ್ಲಿ ಢಂ ಅಂತ ಸಿಡಿದು, ಕಂಪೆನಿ ಆಮೇಲೆ ಬದಲಿಸಿ ಕೊಡ್ಲಿಕ್ಕೆ ಒಪ್ಪಿತು. ಹಾಗಾಗಿ ಸೈಬೆನೆಟಿಕ್ಸ್ ತರ ಬಿಚ್ಚಿ ಅಳೆದು ವರದಿ ಹಾಕುವ ಜಾಗದಲ್ಲಿ ನಿಮ್ಮ ಮಾಡೆಲ್ಲಿನ ಪೂರ್ತಿ ಹೆಸರು ಹುಡುಕಿ. ಮತ್ತೆ ಒಂದು, ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೀಲಿಕ್ಕೆ ಆಗುವ) ಎಸ್‌ಎಂಪಿಎಸ್‌ನ ಕೇಬಲ್ ಒಂದು ಕಂಪೆನಿಯದ್ದು ಇನ್ನೊಂದಕ್ಕೆ ಹಾಕ್ಲೇಬೇಡಿ, ಪಿನ್ ಕೂರ್ತದೆ ಆದ್ರೆ ಒಳಗೆ ವೈರಿನ ಕ್ರಮ ಬೇರೆ, ಹಾರ್ಡ್‌ಡಿಸ್ಕ್ ಸುಟ್ಟು ಹೋಗ್ಬಹುದು.

ನಮ್ಮ ಕರಾವಳಿಗೆ ಅನುವಾದ ಮಾಡ್ಕೊಳ್ಳಿ

ಹೊರದೇಶದ ರಿವ್ಯೂ ಹೆಚ್ಚಿನವು ಎಸಿ ರೂಮಲ್ಲಿ, ಸುಮಾರು 20-22 ಡಿಗ್ರಿಯಲ್ಲಿ ಮಾಡಿದ್ದು. ಮೇ ತಿಂಗಳ ಮಂಗಳೂರಲ್ಲಿ ಫ್ಯಾನಿನ ಕೆಳಗೆ ಕೂತವ್ರಿಗೆ ಆ ನಂಬರ್ ಹೊಂದುದಿಲ್ಲ. ಲೆಕ್ಕ ಸುಲಭ, ರೂಮು 10 ಡಿಗ್ರಿ ಜಾಸ್ತಿ ಬಿಸಿ ಇದ್ರೆ ಪ್ರೊಸೆಸರೂ ಹೆಚ್ಚುಕಮ್ಮಿ 10 ಡಿಗ್ರಿ ಜಾಸ್ತಿ ಬಿಸಿ ಆಗ್ತದೆ. ಕೆಲವ್ರು ರೂಮಿನ ಬಿಸಿ ಕಳೆದು ಉಳಿದದ್ದನ್ನು ಮಾತ್ರ ಗ್ರಾಫಲ್ಲಿ ಕೊಡ್ತಾರೆ, ಅದಕ್ಕೆ ನಿಮ್ಮ ರೂಮಿಂದು ಸೇರಿಸಿ. ಅಲ್ಲಿ 50 ಅಂತ ಇದ್ರೆ, ನಿಮ್ಮ ರೂಮು 32 ಇದ್ರೆ, 82. ರೈಜನ್ 7600ಕ್ಕೆ 95ರವರೆಗೆ ಬಿಡ್ತಾರೆ, ಆದ್ರೂ ಕೂಲರ್ ಒಂದು ಮೆಟ್ಟಿಲು ಮೇಲಿಂದು, ಎದುರು ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ ಅಂತ ನಾನು ಹೇಳುದು. ಎದುರು ಪೂರ್ತಿ ಗ್ಲಾಸ್ ಇರುವುದು ಚಂದ ಉಂಟು, ನಮ್ಮ ಸೆಕೆಗೆ ಆಗುದಿಲ್ಲ.

ಅರ್ತಿಂಗಿನ ಬಗ್ಗೆ ಆ ವಿಡಿಯೋಗಳಲ್ಲಿ ಒಂದು ಮಾತೂ ಇರುದಿಲ್ಲ. ನಮ್ಮ ಹಳೇ ಹಂಚಿನ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರ್ತದೆ, ಮೂರನೇ ತೂತಿಗೆ ವೈರೇ ಬಂದಿರುದಿಲ್ಲ. ಆಗ ಕ್ಯಾಬಿನೆಟ್ ಮುಟ್ಟಿದ್ರೆ, ಅದೂ ಬರಿಗಾಲಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಿದ್ರೆ, ಕೈ ಜುಂ ಅಂತದೆ. ಪಾರ್ಟ್ಸ್ ಹಾಳು ಅಂತ ಅಂಗಡಿಗೆ ಹೊತ್ಕೊಂಡು ಹೋಗುವ ಮೊದಲು ಇಲೆಕ್ಟ್ರಿಷಿಯನ್ ಕರೆಸಿ ಅರ್ತ್ ಚೆಕ್ ಮಾಡಿಸಿ. ಮಳೆ ಹಿಡಿಯುವ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಜೊತೆಗೆ ರೌಟರಿನಿಂದ ಬರುವ ಲ್ಯಾನ್ ಕೇಬಲ್ಲೂ ತೆಗೀಬೇಕು, ಸಿಡಿಲು ಆ ದಾರಿಯಲ್ಲೂ ಬರ್ತದೆ. ಯುಪಿಎಸ್ 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ಪಿಸಿಪಾರ್ಟ್‌ಪಿಕರ್ ತೋರಿಸಿದ ವ್ಯಾಟಿಗೆ ಮಾನಿಟರಿಂದು ಸೇರಿಸಿ ನೋಡ್ಕೊಳ್ಳಿ. ಇಂಥ ವಿಷಯಕ್ಕೆ ಸುರತ್ಕಲ್ಲಲ್ಲೋ ಮಣಿಪಾಲದಲ್ಲೋ ಹಾಸ್ಟೆಲಲ್ಲಿ ಎರಡು ಮಳೆಗಾಲ ಪಿಸಿ ಓಡಿಸಿದ ಸೀನಿಯರ್ ಅಣ್ಣ ಅಕ್ಕಂದಿರ ಮಾತು ಕೇಳಿ, ಅದಕ್ಕೆ ಬೆಲೆ ಉಂಟು.

ರೇಟು, ಬಿಲ್ಲು

ಡಾಲರಿನ ರೇಟನ್ನು ರೂಪಾಯಿಗೆ ಗುಣಿಸಿ ಕೂರ್ಬೇಡಿ, ಇಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಉಂಟು. ಎಂಡಿ ಕಂಪ್ಯೂಟರ್ಸ್, ಪ್ರೈಮ್ ಎಬಿಜಿಬಿ ತರದ ನಮ್ಮ ದೇಶದ ಆನ್‌ಲೈನ್ ಅಂಗಡಿಗಳ ರೇಟು ಬರ್ಕೊಂಡು ಊರಿನ ಅಂಗಡಿಯಲ್ಲಿ ಕೇಳಿ, ಸ್ವಲ್ಪ ಜಾಸ್ತಿ ಆದ್ರೂ ಊರಲ್ಲಿ ತಗೊಳ್ಳುದರಲ್ಲಿ ಲಾಭ ಉಂಟು, ವಾರಂಟಿಗೆ ಕೊರಿಯರ್ ಹಾಕುವ ರಗಳೆ ಇಲ್ಲ. ಪೆಟ್ಟಿಗೆ ಮೇಲೆ ಭಾರತದ ಆಮದುದಾರರ ಹೆಸರು ಎಂಆರ್‌ಪಿ ಇರುವ ಸ್ಟಿಕ್ಕರ್ ನೋಡಿ, ಅದಿಲ್ಲದ ಮಾಲಿಗೆ ಇಲ್ಲಿ ವಾರಂಟಿ ಸಿಗುದು ಕಷ್ಟ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿ. ಆನ್‌ಲೈನಲ್ಲಿ ತರಿಸಿದ್ರೆ ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಿ. ತಕರಾರು ಬಂದು ಅಂಗಡಿಯವ್ರು ಕೇಳದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಸಿಕ್ಕಿಹಾಕ್ಕೊಂಡಾಗ ಕೇಳುವ ಕ್ರಮ

ಜೋಡಿಸಿ ಆದ ಮೇಲೆ ಡಿಸ್ಪ್ಲೇ ಬರ್ಲಿಲ್ಲ ಅಂದ್ರೆ "ಪಿಸಿ ಆನ್ ಆಗ್ತಿಲ್ಲ ಹೆಲ್ಪ್ ಮಾಡಿ" ಅಂತ ಮಾತ್ರ ನೆಟ್ಟಲ್ಲಿ ಹಾಕಿದ್ರೆ ತಿಳಿದವ್ರೂ ಊಹೆ ಮಾಡ್ಬೇಕಾಗ್ತದೆ. ಪಾರ್ಟ್ಸಿನ ಪೂರ್ತಿ ಪಟ್ಟಿ ಹಾಕಿ, ಫ್ಯಾನ್ ತಿರುಗ್ತದಾ ಹೇಳಿ, ಬೋರ್ಡಿನ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಸಣ್ಣ ಲೈಟ್ ಇದ್ರೆ ಯಾವುದು ಉರೀತಾ ಇದೆ ಅಂತ ಫೋಟೋ ತೆಗ್ದು ಹಾಕಿ, ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದ್ದೀರಾ ಬೋರ್ಡಿಗಾ ಅಂತಾನೂ ಬರೀರಿ. ಉತ್ತರ ಕೊಡುವವ್ರಲ್ಲಿ ಯಾಕೆ ಅಂತ ಕಾರಣ ಹೇಳಿ ಒಂದೊಂದೇ ಪರೀಕ್ಷೆ ಮಾಡಿಸುವವ್ರ ಮಾತು ಹಿಡೀರಿ, ಬೋರ್ಡ್ ಬದಲಿಸು ಅಂತ ಒಂದೇ ಸಾಲಲ್ಲಿ ಮುಗಿಸುವವ್ರದ್ದು ಬಿಡಿ. ಮತ್ತೆ ಡಿಡಿಆರ್5 ಹಾಕಿದ ಹೊಸ ಪಿಸಿ ಮೊದಲ ಸಲ ಆನ್ ಮಾಡುವಾಗ ಬೋರ್ಡು ರ‍್ಯಾಮನ್ನು ಪರೀಕ್ಷೆ ಮಾಡಿ ಹೊಂದಿಸ್ಕೊಳ್ತಾ ಇರ್ತದೆ, ಡಿರ‍್ಯಾಮ್ ಲೈಟ್ ಉರೀತಾ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿಯೇ ಇರ್ಬಹುದು, ಆಗ ಸ್ವಿಚ್ ಆಫ್ ಮಾಡ್ಬೇಡಿ, ಒಂದು ಚಾ ಕುಡಿದು ಬಂದು ನೋಡಿ, ಆಮೇಲೂ ಬಾರದಿದ್ರೆ ಕೇಳ್ಲಿಕ್ಕೆ ಶುರು ಮಾಡಿ.