ಏಳು ಬಾಟಲಿ, ಏಳು ಲೆಕ್ಕ: ಮಳೆ ಅಳೆಯಲು ಕಲಿಸಿದ ನನ್ನ ಅನುಭವ

ದಿನಾ ಮಳೆ ಅಳೆದು ಬರೆಯುವ ಕೆಲಸವನ್ನು 6ನೇ ತರಗತಿಯ ಮಕ್ಕಳಿಗೇ ಬಿಡುತ್ತೇನೆ ಅಂದಾಗ ಜೊತೆಯ ಶಿಕ್ಷಕರು ನಂಬಲಿಲ್ಲ. ನಾಲ್ಕು ದಿನ ಬರೆದು ಐದನೇ ದಿನ ಬಿಡ್ತಾರೆ ಅಂದರು. ಎರಡು ವರ್ಷ ಹಾಗೇ ಆಯಿತು. ಈ ಸಲ ಸುಮಾರು 90 ದಿನದ ಲೆಕ್ಕ ಮಕ್ಕಳ ನೋಟ್‌ಬುಕ್ಕಿನಲ್ಲಿದೆ. ತಪ್ಪಿದ್ದು ಐದಾರು ದಿನ ಇರಬಹುದು, ಅಷ್ಟೇ.

ಮೊದಲ ವರ್ಷ ಸ್ವಂತ ದುಡ್ಡಿನಲ್ಲಿ ಒಂದು ರೆಡಿಮೇಡ್ ಹವಾಮಾನ ಕಿಟ್ ತಂದೆ. ಆ ವರ್ಷ ತರಗತಿಗೆ ಎತ್ತಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಕಿಟ್ ಒಂದು, ಮಕ್ಕಳು 35. ನಾಲ್ಕು ಜನ ಮುಟ್ಟಿದರು, ಉಳಿದವರು ಸುಮ್ನೆ ನಿಂತು ನೋಡಿದರು. ಗಾಳಿ ದಿಕ್ಕು ತೋರಿಸುವ ಬಾಣ ಎರಡೇ ವಾರಕ್ಕೆ ಮುರಿಯಿತು.

ಎರಡನೇ ವರ್ಷ 2 ಲೀಟರ್ ಬಾಟಲಿ ಕತ್ತರಿಸಿ ಏಳು ಗುಂಪಿಗೆ ಏಳು ಮಳೆಮಾಪಕ ಮಾಡಿದೆವು. ಒಂದೇ ಮಳೆಗೆ ಒಂದರಲ್ಲಿ 11 ಮಿಲಿಮೀಟರ್, ಇನ್ನೊಂದರಲ್ಲಿ 19. ನಾನೇ ಎಲ್ಲವನ್ನೂ ಸರಿಮಾಡಿ ಕೊಟ್ಟೆ. ಅಲ್ಲಿಗೆ ಮಕ್ಕಳ ಆಸಕ್ತಿ ಹೋಯಿತು.

ಈ ವರ್ಷ ನಾನು ಕೈ ಹಾಕಲಿಲ್ಲ. ಏಳೂ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಯಾರದ್ದು ಸರಿ ಅಂತ ಕೇಳಿದೆ. ಜಗಳವೇ ಶುರುವಾಯಿತು. ಮೂರು ದಿನದಲ್ಲಿ ಎಲ್ಲ ತಪ್ಪನ್ನೂ ಅವರೇ ಹಿಡಿದರು. ಒಂದು ಬಾಟಲಿ ಮರದ ಕೆಳಗಿತ್ತು, ಒಂದು ಗೋಡೆಗೆ ಒತ್ತಿಕೊಂಡಿತ್ತು. ತಳದ ಉಬ್ಬುತಗ್ಗಿನಿಂದಲೇ ಸ್ಕೇಲ್ ಅಂಟಿಸಿದವರೂ ಇದ್ದರು. ಬಾಟಲಿ ನೇರವಾಗುವ ಜಾಗದವರೆಗೆ ಕಲ್ಲು, ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಿದ ಮೇಲೆ ವ್ಯತ್ಯಾಸ 1–2 ಮಿಲಿಮೀಟರಿಗೆ ಇಳಿಯಿತು. ಬಿಸಿಲಿಗೆ ನೀರು ಆರದಂತೆ ಮೇಲೆ ತೆಳುವಾಗಿ ಎಣ್ಣೆ ಬಿಟ್ಟೆವು. ಮಳೆ ಬಾರದ ದಿನವೂ ತಪ್ಪದೆ 0 ಬರೆಸಲು ನನ್ನ ಹತ್ತಿರ ಒಂದು ಉಪಾಯ ಇದೆ. ಇನ್ನೊಂದು ವರ್ಷ ನೋಡಿಯೇ ಅದನ್ನು ಹೇಳುತ್ತೇನೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಚಾವಣಿಯ ಲೆಕ್ಕ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ನಮ್ಮ ಕೋಣೆಯ ಚಾವಣಿ ಸುಮಾರು 84 ಚದರ ಮೀಟರ್. 20 ಮಿಲಿಮೀಟರ್ ಬಿದ್ದ ದಿನ 1,680 ಲೀಟರ್! 15 ಲೀಟರಿನ 112 ಬಕೆಟ್. ಸುಳ್ಳು ಅಂದರು ಮಕ್ಕಳು. ಸರಿ, ಮುಂದಿನ ಮಳೆಗೆ 50 × 40 ಸೆಂಟಿಮೀಟರಿನ ಟ್ರೇ ಇಟ್ಟೆವು. ಅವತ್ತೂ ಹತ್ತಿರ ಹತ್ತಿರ 20 ಬಿತ್ತು. ಲೆಕ್ಕದ ಪ್ರಕಾರ 4 ಲೀಟರ್ ಬರಬೇಕು, ಮೂರೂವರೆ ಸಿಕ್ಕಿತು. ಉಳಿದದ್ದು ಸಿಡಿದು ಹೋಗಿದೆ ಅಂತ ಒದ್ದೆ ನೆಲ ತೋರಿಸಿದವರೂ ಅವರೇ.

ನಡುವೆ ಗಾಳಿಯ ಒತ್ತಡ ಅಳೆಯಲು ಡಬ್ಬಿಯ ಬಾಯಿಗೆ ಬಲೂನು ಬಿಗಿದು, ಮೇಲೆ ಕಡ್ಡಿ ಅಂಟಿಸಿ ವಾಯುಭಾರಮಾಪಕವನ್ನೂ ಮಾಡಿದೆವು. ಬಿಸಿಲು ಏರಿದಾಗಲೆಲ್ಲ ಕಡ್ಡಿ ಕೆಳಗಿಳಿಯುತ್ತಿತ್ತು. ಒಬ್ಬಳು ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಳು. ಡಬ್ಬಿಯ ಗಾಳಿ ಬಿಸಿಯಾಗಿ ಹಿಗ್ಗುತ್ತಿತ್ತು, ಅದು ಅಳೆಯುತ್ತಿದ್ದುದು ಸೆಕೆಯನ್ನು! ಅದನ್ನು ಬಿಟ್ಟೆವು. ಗಾಳಿಯ ತೇವ ತಿಳಿಯಲು ಇಟ್ಟ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಮಾತ್ರ ಕೈಕೊಡಲಿಲ್ಲ. ಒಣ ದಿನ ಒಣ ಥರ್ಮಾಮೀಟರಿಗಿಂತ 7–8 ಡಿಗ್ರಿ ಕಡಿಮೆ, ಮಳೆ ಹಿಡಿದ ದಿನ ಒಂದೇ ಡಿಗ್ರಿ. "ಇವತ್ತು ಬಟ್ಟೆ ಒಣಗಲ್ಲ" ಅಂತ ಮಕ್ಕಳು ಬೆಳಿಗ್ಗೆಯೇ ಹೇಳತೊಡಗಿದರು.

ಈ ವರ್ಷದ ಖರ್ಚು ಕಿಟ್‌ಗೆ ಕೊಟ್ಟಿದ್ದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಅನುಮಾನಪಟ್ಟಿದ್ದ ಶಿಕ್ಷಕರೊಬ್ಬರು ಕಳೆದ ವಾರ ತಮ್ಮ ತರಗತಿಗೂ ಮಾಡಿಸಲು ಆರು ಬಾಟಲಿ ತಂದರು. ನಾಲ್ಕರ ನಡು ಕಿರಿದಾಗಿತ್ತು. ಅಂಥದ್ದರಲ್ಲಿ ಲೆಕ್ಕ ಕೂಡಲ್ಲ ಅಂತ ನನ್ನ ಮಕ್ಕಳೇ ವಾಪಸ್ ಕಳಿಸಿದರು.