ಮರುದಿನ ಬೆಳಿಗ್ಗೆ ಮಾತನಾಡಬೇಕಾದಾಗ

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ, ಶಿಲೀಂಧ್ರದಿಂದ ಬರುವ ಭತ್ತದ ಬೆಂಕಿ ರೋಗದ ಮೇಲೆ ಕೆಲಸ ಮಾಡುವ ನನಗೆ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ವಿಚಾರ ಸಂಕಿರಣದಲ್ಲಿ ಮಾತನಾಡಬೇಕೆಂದು ತಿಳಿದದ್ದು ಹಿಂದಿನ ದಿನ ಸಂಜೆ. ಹೋಗಬೇಕಿದ್ದ ಹಿರಿಯರಿಗೆ ಜ್ವರ ಬಂದಿತ್ತು. "ಡೇಟಾ ಎಲ್ಲ ನಿಮ್ಮದೇ ಅಲ್ವೇನಮ್ಮ, ನೀವೇ ಹೋಗಿಬಿಡಿ" ಎಂದರು. ಅವಧಿ 15 ನಿಮಿಷ, ಅದರಲ್ಲಿ ಕೊನೆಯ 3 ನಿಮಿಷ ಪ್ರಶ್ನೆಗಳಿಗೆ.

ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಹಳೆಯ ಸ್ಲೈಡುಗಳ ಕಡೆಗೆ ಹೋಗುತ್ತದೆ. ಪ್ರಬಂಧದ ಮೌಖಿಕ ಪರೀಕ್ಷೆಗೆ, ಅಂದರೆ ವೈವಾಗೆಂದು ಮಾಡಿಟ್ಟ ದೊಡ್ಡ ಕಟ್ಟನ್ನು ಕಡಿತಗೊಳಿಸುವುದು ಹೊಸದಾಗಿ ಕೆಲವನ್ನು ಮಾಡುವುದಕ್ಕಿಂತ ಕಷ್ಟ, ಏಕೆಂದರೆ ಪ್ರತಿಯೊಂದನ್ನೂ ಉಳಿಸಿಕೊಳ್ಳಲು ಏನಾದರೊಂದು ನೆಪ ಸಿಕ್ಕೇ ಸಿಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ತೆರೆಯುವ ಮೊದಲು ಹಾಳೆಯ ಮೇಲೆ ಒಂದೇ ವಾಕ್ಯ ಬರೆದುಕೊಂಡೆ: ಎಲೆಯಲ್ಲಿ ರೋಗ ತಡೆದುಕೊಂಡ ತಳಿ ತೆನೆಯ ಕುತ್ತಿಗೆಯಲ್ಲೂ (ತೆನೆಯ ಬುಡದಲ್ಲೂ) ತಡೆದುಕೊಳ್ಳುತ್ತದೆಂದು ನಂಬುವಂತಿಲ್ಲ. ಇದಕ್ಕೆ ಆಧಾರವಾಗದ ಯಾವುದಕ್ಕೂ ಜಾಗವಿಲ್ಲವೆಂದು ನಿಶ್ಚಯಿಸಿದ ಮೇಲೆ ಶಿಲೀಂಧ್ರದ ಜೀವನಚಕ್ರ, ಭತ್ತದ ವಿಸ್ತೀರ್ಣದ ಅಂಕಿಅಂಶ, ಹಿಂದಿನ ಸಂಶೋಧನೆಗಳ ಸಮೀಕ್ಷೆ ಎಲ್ಲವೂ ತಾವಾಗಿ ಹೊರಬಿದ್ದವು.

ಹೆಚ್ಚು ಹೊತ್ತು ಹಿಡಿದದ್ದು ಒಂದು ನಕ್ಷೆ. ಪ್ರಬಂಧದಲ್ಲಿ ಎಲ್ಲ ತಳಿಗಳ ರೋಗತೀವ್ರತೆಯ ಅಂಕಗಳೂ ಒಂದು ಉದ್ದದ ಕೋಷ್ಟಕದಲ್ಲಿದ್ದವು. ಓದುಗ ಅದನ್ನು ನಿಧಾನವಾಗಿ ನೋಡಬಹುದು, ಸಭಿಕ ನೋಡಲಾರ. 0ಯಿಂದ 9ರವರೆಗಿನ ಮಾಪನದಲ್ಲಿ ಎಲೆಯ ರೋಗವನ್ನು ಅಡ್ಡ ಅಕ್ಷಕ್ಕೂ ಕುತ್ತಿಗೆಯ ರೋಗವನ್ನು ಲಂಬ ಅಕ್ಷಕ್ಕೂ ಇಟ್ಟು, ಪ್ರತಿ ತಳಿಗೆ ಒಂದು ಚುಕ್ಕೆ ಹಾಕಿದೆ. ಎರಡೂ ಅಂಕ ಸಮವಾಗಿರುವ ಕರ್ಣರೇಖೆಯಿಂದ ದೂರ ಬಿದ್ದ ತಳಿಗಳಿಗೆ ಮತ್ತು ಹೋಲಿಕೆಗೆಂದು ಬೆಳೆಸುವ, ಸುಲಭವಾಗಿ ರೋಗಕ್ಕೆ ತುತ್ತಾಗುವ ಎಚ್‌ಆರ್-12ಕ್ಕೆ ಮಾತ್ರ ಹೆಸರು ಬರೆದೆ. ಕೆಂಪು-ಹಸಿರು ಬೇರ್ಪಡಿಸಿ ಕಾಣದವರು ಸಭೆಯಲ್ಲಿ ಇರಬಹುದಾದ್ದರಿಂದ ನೀಲಿ, ಕಿತ್ತಳೆ ಬಣ್ಣ ಬಳಸಿದೆ.

ಉಪನ್ಯಾಸ ಇಂಗ್ಲಿಷಿನಲ್ಲಿ ಇದ್ದರೂ ಮೊದಲ ತಾಲೀಮು ಕನ್ನಡದಲ್ಲೇ ನಡೆಯಿತು. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹುಡುಗಿ ಮಣ್ಣುವಿಜ್ಞಾನದವಳು. ಅವಳನ್ನು ಕೂರಿಸಿಕೊಂಡು, ಫೋನಿನಲ್ಲಿ ಸಮಯ ಹಚ್ಚಿ, ಎದ್ದು ನಿಂತು ಗಟ್ಟಿಯಾಗಿ ಹೇಳಿದೆ. "ಅಕ್ಕ, ಕುತ್ತಿಗೆಗೆ ಬಂದ್ರೆ ಏನಾಗತ್ತೆ?" ಎಂದು ಅವಳು ನಡುವೆಯೇ ಕೇಳಿದಳು. ತೆನೆಯ ಬುಡ ಕಪ್ಪಾಗಿ ಕಾಳಿಗೆ ಆಹಾರ ಹೋಗದೆ ಜೊಳ್ಳಾಗುವುದು ಕೇಳುಗರಿಗೆಲ್ಲ ಗೊತ್ತಿರುತ್ತದೆಂದು ನಾನು ಎಣಿಸಿದ್ದೆ. ಜೊಳ್ಳಾಗಿ ಬಿಳಿಚಿಕೊಂಡ ತೆನೆಯ ಒಂದು ಚಿತ್ರ ನಕ್ಷೆಗೆ ಮುಂಚೆ ಸೇರಿತು. ಮೊದಲ ಎರಡು ವಾಕ್ಯಗಳನ್ನೂ ಕೊನೆಯದನ್ನೂ ಬಾಯಿಪಾಠ ಮಾಡಿದೆ. ಉಳಿದದ್ದನ್ನು ಹಾಗೆ ಮಾಡಿದರೆ ಮಾತು ಒಪ್ಪಿಸಿದಂತೆ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಡತದ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೆ. ನುಡಿ ಅಕ್ಷರದಲ್ಲಿ ಬರೆದ ಕೃತಜ್ಞತೆಯ ಸಾಲುಗಳು ಆ ತಂತ್ರಾಂಶವಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದರಿಂದ ಯೂನಿಕೋಡಿಗೆ ಬದಲಿಸಿದೆ.

ಮಲಗುವ ಮುನ್ನ ಮಾಡಿದ ಕೊನೆಯ ಕೆಲಸ, ಬರಬಹುದಾದ ಪ್ರಶ್ನೆಗಳನ್ನು ಊಹಿಸಿ ಹೊರಹಾಕಿದ್ದ ಸ್ಲೈಡುಗಳಲ್ಲಿ ಕೆಲವನ್ನು ಕಡತದ ಕೊನೆಗೆ ಜೋಡಿಸಿದ್ದು. ಮರುದಿನ ಸಭೆಯಲ್ಲಿ ಒಬ್ಬರ ಪ್ರಶ್ನೆಗೆ ಅವುಗಳಲ್ಲಿದ್ದ ಹಂಗಾಮುವಾರು ಅಂಕಗಳ ಕೋಷ್ಟಕ ಉಪಯೋಗಕ್ಕೆ ಬಂತು. ಸಾರಜನಕ ಹೆಚ್ಚಾದರೆ ಈ ತಳಿಗಳು ಹೇಗೆ ವರ್ತಿಸುತ್ತವೆ ಎಂದು ಇನ್ನೊಬ್ಬರು ಕೇಳಿದರು. ಹೆಚ್ಚು ಸಾರಜನಕ ಬೆಂಕಿ ರೋಗಕ್ಕೆ ಅನುಕೂಲವೆಂಬುದು ತಿಳಿದ ವಿಷಯವೇ ಆದರೂ, ಎಲ್ಲ ತಾಕುಗಳಿಗೂ ಒಂದೇ ಪ್ರಮಾಣ ಕೊಟ್ಟಿದ್ದರಿಂದ ನನ್ನ ಅಂಕಿಗಳು ಅದಕ್ಕೆ ಉತ್ತರ ಕೊಡಲಾರವೆಂದು ಹೇಳಿ ಕುಳಿತೆ.